ಹಳೇ ಆಫೀಸ್ ಡೆಸ್ಕ್‌ಟಾಪ್‌ಗೆ ಗ್ರಾಫಿಕ್ಸ್ ಕಾರ್ಡ್: ಮೊದಲು ಎಸ್‌ಎಂಪಿಎಸ್ ನೋಡಿ

ಬೆಂಗಳೂರಿನ ಎಸ್‌.ಪಿ. ರೋಡ್‌ನಲ್ಲಿ ರಿಫರ್ಬಿಶ್ಡ್ ಎಂದು ಸಿಗುವ ಡೆಲ್ ಆಪ್ಟಿಪ್ಲೆಕ್ಸ್ 7020, 9020 ಟವರ್‌ಗಳಲ್ಲಿ ಸಾಮಾನ್ಯವಾಗಿ ನಾಲ್ಕನೇ ತಲೆಮಾರಿನ ಇಂಟೆಲ್ ಐ5 ಪ್ರೊಸೆಸರ್ ಇರುತ್ತದೆ. ಗ್ರಾಫಿಕ್ಸ್ ಕಾರ್ಡ್ ಹಾಕಿದರೆ ಸಾಧಾರಣ ಗೇಮ್‌ಗಳಿಗೆ ಇವು ಇನ್ನೂ ಸಾಕು. ಯಾವ ಕಾರ್ಡ್ ಎನ್ನುವುದು ನಿಮ್ಮ ಬಜೆಟ್‌ಗಿಂತ ಹೆಚ್ಚಾಗಿ ಒಳಗಿರುವ ಎಸ್‌ಎಂಪಿಎಸ್ (ಎಲ್ಲ ಭಾಗಗಳಿಗೂ ಕರೆಂಟ್ ಕೊಡುವ ಪವರ್ ಸಪ್ಲೈ) ಮೇಲೆ ನಿಂತಿದೆ. ಎಸ್‌ಎಫ್‌ಎಫ್ ಎನ್ನುವ ತೆಳು ಡಬ್ಬಿಯಾದರೆ ಈ ಲೇಖನ ನಿಮಗಲ್ಲ. ಅದರಲ್ಲಿ ಲೋ ಪ್ರೊಫೈಲ್ ಎನ್ನುವ ಗಿಡ್ಡ ಕಾರ್ಡ್ ಮಾತ್ರ ಹಿಡಿಸುತ್ತದೆ, ಮಾಮೂಲಿ ಅಳತೆಯ ಎಸ್‌ಎಂಪಿಎಸ್ ಕೂರುವುದಿಲ್ಲ.

ಮದರ್‌ಬೋರ್ಡಿನ ಸ್ಲಾಟ್ ಕಾರ್ಡಿಗೆ ಕೊಡುವುದು ಹೆಚ್ಚೆಂದರೆ 75 ವ್ಯಾಟ್. ಎಸ್‌ಎಂಪಿಎಸ್‌ನಿಂದ ಬರುವ 6 ಪಿನ್ ವೈರ್ ಇನ್ನೊಂದು 75, 8 ಪಿನ್ ಆದರೆ 150. ಈ ಟವರ್‌ಗಳ ಜೊತೆ ಬಂದ 290 ವ್ಯಾಟ್ ಎಸ್‌ಎಂಪಿಎಸ್‌ನಲ್ಲಿ ಕಾರ್ಡಿಗೆಂದು ವೈರೇ ಇಲ್ಲ. ಅದನ್ನೇ ಉಳಿಸಿಕೊಳ್ಳುವುದಾದರೆ ಸ್ಲಾಟ್‌ನಿಂದಲೇ ನಡೆಯುವ ಕಾರ್ಡ್ ಬೇಕು. ಆರ್‌ಟಿಎಕ್ಸ್ 3050 6 ಜಿಬಿ ಒಳ್ಳೆಯ ಆಯ್ಕೆ: 70 ವ್ಯಾಟ್. ಅದೇ ಹೆಸರಿನ 8 ಜಿಬಿ ಕಾರ್ಡ್ 130 ವ್ಯಾಟ್ ಎಳೆಯುತ್ತದೆ, ಬಿಲ್ ಹಾಕಿಸುವ ಮುಂಚೆ ಡಬ್ಬಿ ಓದಿ. ಜಿಟಿಎಕ್ಸ್ 1650ರಲ್ಲೂ ಕೆಲವಕ್ಕೆ 6 ಪಿನ್ ಬೇಕು, ಕೆಲವಕ್ಕೆ ಬೇಡ. ಆರ್‌ಎಕ್ಸ್ 6400 ಬರೀ 53 ವ್ಯಾಟ್, ಆದರೆ ಬೋರ್ಡಿನ ಜೊತೆ ಡೇಟಾ ಸಾಗಿಸಲು ನಾಲ್ಕೇ ಲೇನ್‌ಗಳ ಕಾರ್ಡ್. ಹಳೇ ಬೋರ್ಡಿನಲ್ಲಿ ಅದರ ವೇಗ ಗಣನೀಯವಾಗಿ ಇಳಿಯುತ್ತದೆ.

ಹಾರ್ಡ್‌ಡಿಸ್ಕಿಗೆ ಕರೆಂಟ್ ಕೊಡುವ ಸಾಟಾ ವೈರನ್ನು 8 ಪಿನ್ ಮಾಡುವ ಕನ್ವರ್ಟರ್ ತೋರಿಸುವ ಅಂಗಡಿಯವರಿದ್ದಾರೆ. ಬೇಡ. ಒಂದು ಸಾಟಾ ಕನೆಕ್ಟರ್ 12 ವೋಲ್ಟ್‌ನಲ್ಲಿ ತಾಳುವುದು 4.5 ಆಂಪ್, ಅಂದರೆ 54 ವ್ಯಾಟ್. ಅದಕ್ಕಿಂತ ಹೆಚ್ಚು ಎಳೆದರೆ ಪ್ಲಾಸ್ಟಿಕ್ ಕರಗಬಹುದು.

132 ವ್ಯಾಟಿನ ಆರ್‌ಎಕ್ಸ್ 6600 ತರಹದ ಕಾರ್ಡ್ ಬೇಕೆಂದರೆ ಎಸ್‌ಎಂಪಿಎಸ್ ಬದಲಿಸಲೇಬೇಕು. ಪ್ರೊಸೆಸರ್ 84, ಕಾರ್ಡ್ 132, ಉಳಿದಿದ್ದಕ್ಕೆಲ್ಲ ಸುಮಾರು 50: ಒಟ್ಟು 266. ಕಾರ್ಡ್ ಕ್ಷಣಕಾಲ ಇನ್ನೂ ಹೆಚ್ಚು ಎಳೆಯುವುದರಿಂದ 450–500 ವ್ಯಾಟ್ ಇರಲಿ. ಡಬ್ಬಿಯ ಮೇಲೆ ಬರೆದ ದೊಡ್ಡ ಅಂಕಿ ನಂಬಬೇಡಿ, ಲೇಬಲ್‌ನಲ್ಲಿ +12V ಸಾಲಿನ ಆಂಪ್ಸ್ ನೋಡಿ. 18 ಆಂಪ್ ಎಂದಿದ್ದರೆ ಹನ್ನೆರಡರಿಂದ ಗುಣಿಸಿ: 216 ವ್ಯಾಟ್. ಹೊರಗೆ 450 ಎಂದು ಬರೆದಿದ್ದರೂ ಅಷ್ಟೇ. ಕರೆಂಟ್ ಪೋಲು ಕಡಿಮೆ ಎಂದು ಹೇಳುವ 80 ಪ್ಲಸ್ ಗುರುತಿನ, 12 ವೋಲ್ಟ್‌ನಲ್ಲಿ 30 ಆಂಪ್ ದಾಟುವ, 6+2 ಪಿನ್ ವೈರಿರುವ ಮಾಲು ತನ್ನಿ. ಇನ್ನೊಂದು ತೊಡಕು: ಈ ಡೆಲ್ ಬೋರ್ಡಿಗೆ ಮಾಮೂಲಿ 24 ಪಿನ್ ಅಲ್ಲ, 8 ಪಿನ್ ಪವರ್. 24ರಿಂದ 8 ಪಿನ್ನಿಗೆ ಇಳಿಸುವ ಕೇಬಲ್ ಪ್ರತ್ಯೇಕ ಸಿಗುತ್ತದೆ. ನಿಮ್ಮ ಮಾಡೆಲ್ ಹೆಸರು ಹೇಳಿಯೇ ಕೊಳ್ಳಿ. ಎಚ್‌ಪಿಗೆ ಮಾಡಿದ್ದು ಇದಕ್ಕೆ ಆಗುವುದಿಲ್ಲ.

ಕಾರ್ಡಿನ ಉದ್ದ ಎಷ್ಟು, ಸ್ಲಾಟ್‌ನಿಂದ ಹಾರ್ಡ್‌ಡಿಸ್ಕ್ ಗೂಡಿನವರೆಗೆ ಜಾಗ ಎಷ್ಟು ಎಂದು ಮನೆಯಲ್ಲೇ ಅಳೆದುಕೊಂಡು ಹೋಗಿ.

ಜೋಡಿಸುವಾಗ ಪ್ಲಗ್ ಕಿತ್ತು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹ ಮುಟ್ಟಿ ಕೈಯ ಸ್ಟ್ಯಾಟಿಕ್ ಕಳೆದುಕೊಳ್ಳಿ. ವೈರ್‌ಗಳ ಫೋಟೊ ತೆಗೆದು ಎಲ್ಲವನ್ನೂ ಬಿಡಿಸಿ, ಹಿಂದಿನ ನಾಲ್ಕು ಸ್ಕ್ರೂ ತೆಗೆದರೆ ಹಳೇ ಎಸ್‌ಎಂಪಿಎಸ್ ಹೊರಬರುತ್ತದೆ. ಹೊಸದರಲ್ಲಿ 115/230 ಸ್ವಿಚ್ ಇದ್ದರೆ 230ರಲ್ಲಿದೆಯೇ ನೋಡಿ. 115ರಲ್ಲಿ ಬಿಟ್ಟು ಆನ್ ಮಾಡಿದರೆ ಸದ್ದು, ಹೊಗೆ, ಅಲ್ಲಿಗೆ ಮುಗಿಯಿತು. ಪ್ರೊಸೆಸರಿನ 4+4 ಪಿನ್, ಕಾರ್ಡಿನ 6+2 ಪಿನ್ ಎರಡೂ ಒಂದೇ ತರಹ ಕಾಣುತ್ತವೆ. ಬಲವಂತವಾಗಿ ಒತ್ತಬೇಕಾಯಿತೆಂದರೆ ತಪ್ಪು ವೈರ್ ಹಿಡಿದಿದ್ದೀರಿ. ಮಾಡ್ಯುಲರ್ (ಕೇಬಲ್ ಬಿಡಿಸಿ ಸಿಕ್ಕಿಸಬಹುದಾದ) ಎಸ್‌ಎಂಪಿಎಸ್ ಆಗಿದ್ದರೆ ಬೇರೆ ಎಸ್‌ಎಂಪಿಎಸ್‌ನ ಕೇಬಲ್ ಸಿಕ್ಕಿಸಬೇಡಿ. ಕನೆಕ್ಟರ್ ಹೊಂದಿದರೂ ಒಳಗಿನ ವೈರಿನ ಕ್ರಮ ಬೇರೆ ಇರಬಹುದು, ಡಿಸ್ಕ್ ಸುಟ್ಟುಹೋಗುತ್ತದೆ. ಆಮೇಲೆ ಕಾರ್ಡನ್ನು ಸ್ಲಾಟಿನ ಕೊನೆಯ ಲಾಚ್ ಕಚ್ಚಿಕೊಳ್ಳುವವರೆಗೆ ನೇರವಾಗಿ ಒತ್ತಿ, ಹಿಂಬದಿಯಲ್ಲಿ ಭದ್ರಪಡಿಸಿ.

ಮಾನಿಟರ್ ಕೇಬಲ್ ಕಾರ್ಡಿಗೆ ಸಿಕ್ಕಿಸಿ, ಬೋರ್ಡಿಗಲ್ಲ. ಫ್ಯಾನ್ ತಿರುಗಿಯೂ ಪರದೆ ಕಪ್ಪಾಗಿದ್ದರೆ ಮೊದಲು ಇದನ್ನೇ ನೋಡಿ, ನಂತರ ಕಾರ್ಡಿನ 8 ಪಿನ್ ವೈರ್. ಅದೂ ಸರಿಯಿದ್ದರೆ ಕಾರ್ಡ್ ಕಿತ್ತು, ಬೋರ್ಡಿನ ಡಿಸ್‌ಪ್ಲೇಯಲ್ಲೇ ಬೂಟ್ ಮಾಡಿ ಬಯೋಸ್ (ಬೋರ್ಡಿನೊಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿ, ಅದರಲ್ಲಿ ಬೂಟ್ ಮೋಡ್ ಹೊಸ ರೀತಿಯ ಯುಇಎಫ್ಐ ಇದೆಯೇ ಪರೀಕ್ಷಿಸಿ. ವಿಂಡೋಸ್ ಹಳೇ ರೀತಿಯ ಲೆಗಸಿ ಮೋಡ್‌ನಲ್ಲಿ ಇನ್‌ಸ್ಟಾಲ್ ಆಗಿದ್ದರೆ ಮೋಡ್ ಬದಲಿಸಿದ ಮೇಲೆ ಅದು ಬೂಟ್ ಆಗುವುದಿಲ್ಲ, ಮೊದಲು ಡೇಟಾ ಬ್ಯಾಕಪ್ ತೆಗೆಯಿರಿ.

ಡ್ರೈವರ್ ಹಾಕಿದ ಮೇಲೆ ಕಾರ್ಡಿನ ವಿವರ ತೋರಿಸುವ ಜಿಪಿಯು-ಝಡ್ ಸಾಫ್ಟ್‌ವೇರ್ ತೆರೆಯಿರಿ. ಸೆಕೆಂಡ್ ಹ್ಯಾಂಡ್ ಕಾರ್ಡ್ ಆಗಿದ್ದರೆ ಇದನ್ನು ಅಂಗಡಿಯಲ್ಲೇ ಮಾಡಿಸಿ. ಹಳೇ ಚಿಪ್ಪಿಗೆ ಹೊಸ ಹೆಸರು ಬರೆದ ನಕಲಿಗಳಲ್ಲಿ ಹೆಚ್ಚಿನವನ್ನು ಅದು ಹಿಡಿಯುತ್ತದೆ. 3050, 6600 ಎರಡರಲ್ಲೂ ಎಂಟು ಲೇನ್ ಎಂದು ಕಾಣುವುದು ಸಹಜ, ಕಾರ್ಡ್ ಇರುವುದೇ ಹಾಗೆ.

ಗೇಮ್ ಮಧ್ಯೆ ಏಕಾಏಕಿ ಆಫ್ ಆದರೆ ಎಸ್‌ಎಂಪಿಎಸ್ ಬೈಯುವ ಮೊದಲು ಯುಪಿಎಸ್ ನೋಡಿ. ಮನೆಗಳಲ್ಲಿರುವ 600 ವಿಎ ಯುಪಿಎಸ್ ಸಾಮಾನ್ಯವಾಗಿ ಕೊಡುವುದು 360 ವ್ಯಾಟ್. ಮಾನಿಟರ್, ಸ್ಪೀಕರ್ ಕೂಡ ಅದರಲ್ಲೇ ಇದ್ದರೆ ಕರೆಂಟ್ ಹೋದ ಕ್ಷಣ ಲೋಡ್ ತಾಳದೆ ಟ್ರಿಪ್ ಆಗಬಹುದು. ಸ್ಪೀಕರನ್ನು ಗೋಡೆಯ ಪ್ಲಗ್ಗಿಗೆ ಹಾಕಿ ನೋಡಿ. ಆಗಲೂ ಆಫ್ ಆಗುವುದು ನಿಲ್ಲದಿದ್ದರೆ 1000 ವಿಎ ಬೇಕು.