ಮಂಜೂರಾದ ಪಿಂಚಣಿ ಖಾತೆಗೆ ಬರದಿದ್ದಾಗ ಕೆಲಸ ಮಾಡಿದ್ದು ಇದು

ತೊಂದರೆ: ಸಂಧ್ಯಾ ಸುರಕ್ಷಾ (ವೃದ್ಧರ ಪಿಂಚಣಿ) ಮಂಜೂರಾತಿ ಆದೇಶ ಕೈಯಲ್ಲಿದೆ, ತಿಂಗಳ 1,200 ರೂಪಾಯಿ ಮಾತ್ರ ಪಾಸ್‌ಬುಕ್‌ನಲ್ಲಿ ಕಾಣುತ್ತಿಲ್ಲ.

ನಾಡಕಚೇರಿಗೆ ಪಾಸ್‌ಬುಕ್ ಪ್ರತಿ ಮತ್ತೆ ಕೊಟ್ಟರೂ, ಬ್ಯಾಂಕಿನಲ್ಲಿ ಇ-ಕೆವೈಸಿ ಮಾಡಿಸಿದರೂ ಪ್ರಯೋಜನವಾಗಲಿಲ್ಲ. "ಆಧಾರ್ ಲಿಂಕ್ ಆಗಿದೆ" ಎಂಬ ಕೌಂಟರಿನ ಉತ್ತರವನ್ನು ನಂಬಿ ಕೂರಬೇಡಿ. ಖಾತೆಗೆ ಆಧಾರ್ ಸಂಖ್ಯೆ ಸೇರಿಸುವುದೇ ಬೇರೆ, ಎನ್‌ಪಿಸಿಐ (ರಾಷ್ಟ್ರೀಯ ಪಾವತಿ ನಿಗಮ) ಮ್ಯಾಪರ್‌ನಲ್ಲಿ, ಅಂದರೆ ಯಾವ ಆಧಾರ್‌ನ ಹಣ ಯಾವ ಬ್ಯಾಂಕಿಗೆ ಎಂಬ ಪಟ್ಟಿಯಲ್ಲಿ, ಸೀಡ್ ಮಾಡುವುದೇ (ನೋಂದಾಯಿಸುವುದೇ) ಬೇರೆ. ಆಧಾರ್ ಆಧಾರಿತ ಪಾವತಿ ಹೋಗುವುದು ಕೊನೆಯದಾಗಿ ಸೀಡ್ ಆದ ಬ್ಯಾಂಕಿಗೆ. ಗ್ಯಾಸ್ ಸಬ್ಸಿಡಿಗೆಂದು ಎಂದೋ ತೆರೆದು ಮರೆತ ಖಾತೆ ಅದಾಗಿರಬಹುದು.

ಮೊದಲು ಮೈ ಆಧಾರ್ ಜಾಲತಾಣದಲ್ಲಿ 'ಬ್ಯಾಂಕ್ ಸೀಡಿಂಗ್ ಸ್ಟೇಟಸ್' ತೆರೆಯಿರಿ. ಒಟಿಪಿ ಬರುವುದು ಆಧಾರ್‌ಗೆ ಜೋಡಿಸಿದ ಮೊಬೈಲ್‌ಗೆ. ವಯಸ್ಸಾದವರ ಹಳೆಯ ನಂಬರ್ ನಿಂತುಹೋಗಿದ್ದರೆ ಆಧಾರ್ ಕೇಂದ್ರದಲ್ಲಿ ಅದನ್ನೇ ಮೊದಲು ಬದಲಿಸಿ. ಸ್ಟೇಟಸ್ ಪುಟದಲ್ಲಿ ಬ್ಯಾಂಕಿನ ಹೆಸರು, ಆಕ್ಟಿವ್ ಅಥವಾ ಇನಾಕ್ಟಿವ್ ಎಂಬುದು ಕಾಣುತ್ತದೆ.

ಹಳೆಯ ಬ್ಯಾಂಕ್ ಕಂಡರೆ, ಹಣ ಬೇಕಾದ ಬ್ಯಾಂಕಿನ ಶಾಖೆಯಲ್ಲೇ ಆಧಾರ್ ಸೀಡಿಂಗ್ ಸಮ್ಮತಿ ಅರ್ಜಿ ಕೊಡಿ. ಬೇರೆ ಬ್ಯಾಂಕಿನಿಂದ ಇಲ್ಲಿಗೆ ವರ್ಗಾಯಿಸುವ ಭಾಗದಲ್ಲಿ ಹಳೆಯ ಬ್ಯಾಂಕಿನ ಹೆಸರು ಬರೆಯಲೇಬೇಕು. ಇದನ್ನು ಖಾಲಿ ಬಿಟ್ಟರೆ ಮ್ಯಾಪಿಂಗ್ ಹಳೆಯದರಲ್ಲೇ ಉಳಿಯುವ ಸಾಧ್ಯತೆ ಹೆಚ್ಚು. ಸ್ವೀಕೃತಿ ಪಡೆದು, ಕೆಲವು ದಿನ ಬಿಟ್ಟು ಸ್ಟೇಟಸ್ ಮತ್ತೆ ನೋಡಿ. ಹೊಸ ಬ್ಯಾಂಕ್ 'ಆಕ್ಟಿವ್' ಎಂದು ಬಂದ ಮೇಲೆ ಡಿಬಿಟಿ (ನೇರ ನಗದು ವರ್ಗಾವಣೆ) ಕರ್ನಾಟಕ ಆ್ಯಪ್‌ನಲ್ಲಿ ಮುಂದಿನ ಪಾವತಿ ಪರಿಶೀಲಿಸಿ.