ತಾರೀಖುಗಳ ಅಂತರ ಒಂದೇ ಸಮ ಇಲ್ಲದಿದ್ದರೆ ಗ್ರಾಫ್ ಹಾಕುವುದು ಹೇಗೆ?

ಆಗಾಗ ತೂಕ ನೋಡಿ ಬರೆದಿಡುವ ಅಭ್ಯಾಸ ನಿಮಗಿದೆ ಅಂದುಕೊಳ್ಳಿ. 2024ರ ಜನವರಿ 3ರಂದು 74 ಕೆಜಿ, 10ರಂದು 73.5, 14ರಂದು 73. ಆಮೇಲೆ ಮರೆತೇ ಹೋಯಿತು. ಮತ್ತೆ ನೋಡಿದ್ದು ಏಪ್ರಿಲ್ 20ಕ್ಕೆ, ಆಗ 70. ಈ ನಾಲ್ಕು ಚುಕ್ಕೆಗಳನ್ನು ಒಂದೇ ಅಳತೆಯ ದೂರದಲ್ಲಿಟ್ಟು ಗೆರೆ ಎಳೆದರೆ ಕೊನೆಯಲ್ಲಿ ತೂಕ ಧಡಕ್ಕನೆ ಬಿದ್ದ ಹಾಗೆ ಕಾಣುತ್ತದೆ. ಆದರೆ ಆ 3 ಕೆಜಿ ಇಳಿಯಲು 97 ದಿನ ಹಿಡಿದಿದೆ, ಮೊದಲಿನ 1 ಕೆಜಿ ಇಳಿದದ್ದು ಬರೀ 11 ದಿನದಲ್ಲಿ. ಬೇಗ ಇಳಿದದ್ದು ಮೊದಲು, ಕೊನೆಗಲ್ಲ! ಗ್ರಾಫ್ ಪೂರ್ತಿ ಉಲ್ಟಾ ಹೇಳುತ್ತಿದೆ. ಎರಡು ಚುಕ್ಕೆಗಳ ನಡುವಿನ ಖಾಲಿ ಜಾಗವೂ ಮಾಹಿತಿಯೇ. ಅದನ್ನು ಕಳೆದುಕೊಳ್ಳದೆ ಗ್ರಾಫ್ ಹಾಕುವುದು ಹೇಗೆ ಅಂತ ನೋಡೋಣ.

ಮೊದಲ ಕೆಲಸ ತಾರೀಖಿನದು, ಮುಕ್ಕಾಲು ಪಾಲು ತೊಂದರೆ ಹುಟ್ಟುವುದೂ ಇಲ್ಲೇ. ನಮ್ಮ ಕಣ್ಣಿಗೆ ತಾರೀಖು ಅಂತ ಕಾಣುವುದು ಕಂಪ್ಯೂಟರಿಗೆ ಸುಮ್ನೆ ಅಕ್ಷರಗಳ ಸಾಲಾಗಿರಬಹುದು. ಹಾಗಿದ್ದಾಗ ಪ್ರತಿ ತಾರೀಖೂ ಒಂದು ಹೆಸರು ಅಷ್ಟೇ, ಹೆಸರುಗಳ ನಡುವೆ ದೂರ ಎಲ್ಲಿಂದ ಬರಬೇಕು? ಅದಕ್ಕೇ ಎಲ್ಲವನ್ನೂ ಸಮಾನ ದೂರದಲ್ಲಿ ಜೋಡಿಸುತ್ತದೆ. ಎಕ್ಸೆಲ್‌ನಲ್ಲಿ ಇದನ್ನು ಪತ್ತೆ ಮಾಡುವುದು ಸುಲಭ: ನೀವು ಅಲೈನ್‌ಮೆಂಟ್ ಬದಲಿಸಿಲ್ಲದಿದ್ದರೆ, ಸೆಲ್‌ನ ಎಡಕ್ಕೆ ಅಂಟಿಕೊಂಡಿರುವುದು ಪಠ್ಯ, ಬಲಕ್ಕೆ ನಿಂತಿರುವುದು ನಿಜವಾದ ತಾರೀಖು. ಅಂಕಿಅಂಶಗಳ ತಂತ್ರಾಂಶವಾದ ಆರ್‌ನಲ್ಲಿ (R) ಆ್ಯಸ್ ಡಾಟ್ ಡೇಟ್, ಪೈಥಾನ್ ಭಾಷೆಯಲ್ಲಿ ಟೇಬಲ್‌ಗಳನ್ನು ನಿಭಾಯಿಸುವ ಪಾಂಡಾಸ್‌ನಲ್ಲಿ ಟು ಡೇಟ್‌ಟೈಮ್, ಇನ್ನೊಂದು ಅಂಕಿಅಂಶ ತಂತ್ರಾಂಶ ಸ್ಟೇಟಾದಲ್ಲಿ (Stata) ಡೇಟ್ ಎಂಬ ಫಂಕ್ಷನ್ ಬಳಸಿ ಪಠ್ಯವನ್ನು ತಾರೀಖಾಗಿ ಬದಲಿಸಿಕೊಳ್ಳಿ.

ಬದಲಿಸುವಾಗ ದಿನ ಮೊದಲೋ ತಿಂಗಳು ಮೊದಲೋ ಅಂತ ನೀವೇ ಹೇಳಿ, ಊಹಿಸಲು ಬಿಡಬೇಡಿ. 03/04/2024 ಅಂದರೆ ಏಪ್ರಿಲ್ 3 ಕೂಡ ಆಗಬಹುದು, ಮಾರ್ಚ್ 4 ಕೂಡ ಆಗಬಹುದು ಅಲ್ವಾ? ಇಂಥ ತಪ್ಪಿಗೆ ಯಾವ ಎಚ್ಚರಿಕೆಯೂ ಬರದೇ ಇರಬಹುದು, ಯಾಕೆಂದರೆ ಎರಡೂ ಸರಿಯಾದ ತಾರೀಖುಗಳೇ. ನಾನೊಮ್ಮೆ ಗ್ರಾಫ್ ಯಾಕೆ ಹೀಗೆ ಮೇಲೆ ಕೆಳಗೆ ಹಾರುತ್ತಿದೆ ಅಂತ ಅರ್ಧ ದಿನ ಹುಡುಕಿದ ಮೇಲೆ ಕಾರಣ ಸಿಕ್ಕಿದ್ದು ಇಲ್ಲೇ. ಆವತ್ತಿನಿಂದ ಹೊಸದಾಗಿ ಬರೆದಿಡುವುದನ್ನೆಲ್ಲ 2024-04-03 ಎಂಬ ಕ್ರಮದಲ್ಲೇ ಬರೆಯುತ್ತೇನೆ. ವರ್ಷ, ತಿಂಗಳು, ದಿನ. ಇದು ಐಎಸ್ಒ 8601 ಮಾನದಂಡದ ಕ್ರಮ, ಪಠ್ಯವಾಗಿ ಉಳಿದರೂ ಸರಿಯಾಗಿ ವಿಂಗಡಣೆ ಆಗುತ್ತದೆ.

ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ಒಯ್ಯುವಾಗ ಇನ್ನೊಂದು ತೊಡಕು ಇದೆ. ಒಳಗೆ ಎಲ್ಲ ತಾರೀಖೂ ಒಂದು ಸಂಖ್ಯೆ, ಆದರೆ ಎಣಿಕೆ ಶುರುವಾಗುವ ದಿನ ಬೇರೆ ಬೇರೆ. ಆರ್ ಎಣಿಸುವುದು 1970ರ ಜನವರಿ 1ರಿಂದ, ಸ್ಟೇಟಾ 1960ರ ಜನವರಿ 1ರಿಂದ, ಎಕ್ಸೆಲ್ ಸಾಮಾನ್ಯವಾಗಿ 1900ರಿಂದ. 2024ರ ಜನವರಿ 1 ಎಕ್ಸೆಲ್‌ಗೆ 45292, ಆರ್‌ಗೆ 19723. ಎಕ್ಸೆಲ್‌ನ ಸಂಖ್ಯೆಯನ್ನು ಹಾಗೇ ಆರ್‌ಗೆ ಕೊಟ್ಟರೆ ನಿಮ್ಮ ಗ್ರಾಫ್ 2094ಕ್ಕೆ ಹೋಗಿ ಕೂರುತ್ತದೆ. ಎಣಿಕೆಯ ಮೂಲ ದಿನ 1899-12-30 ಅಂತ ಆರ್‌ಗೆ ಹೇಳಿದರೆ ಸರಿಹೋಗುತ್ತದೆ (1900ರ ಜನವರಿ 1 ಅಲ್ಲ, ಯಾಕೆಂದರೆ ಎಕ್ಸೆಲ್ ಆ ದಿನವನ್ನು 1 ಅಂತ ಎಣಿಸುತ್ತದೆ, ಜೊತೆಗೆ 1900ನ್ನು ಅಧಿಕ ವರ್ಷ ಅಂತ ತಪ್ಪಾಗಿ ತಿಳಿಯುತ್ತದೆ).

ತಾರೀಖು ಸರಿಯಾದ ಮೇಲೆ ಹಳೆಯದು ಮೊದಲು ಬರುವಂತೆ ವಿಂಗಡಿಸಿ. ಸ್ಟೇಟಾದಲ್ಲಿ ಸಾರ್ಟ್ ಎಂಬ ಆಯ್ಕೆ ಕೊಡದಿದ್ದರೆ ಗೆರೆ ಹಿಂದೆ ಮುಂದೆ ಓಡಾಡಿ ಗೀಚಿದ ಹಾಗಾಗುತ್ತದೆ. ಆರ್‌ನಲ್ಲಿ ಗ್ರಾಫ್ ಬಿಡಿಸುವ ಪ್ಯಾಕೇಜ್ ಆದ ಜಿಜಿಪ್ಲಾಟ್‌ನ ಜಿಯೋಮ್ ಲೈನ್ ತಾನೇ ವಿಂಗಡಿಸಿಕೊಳ್ಳುತ್ತದೆ.

ಇನ್ನು ಚಾರ್ಟ್. ಎಕ್ಸೆಲ್‌ನಲ್ಲಿ ಲೈನ್ ಚಾರ್ಟ್ ಬಿಟ್ಟು, ಪ್ರತಿ ಚುಕ್ಕೆಯನ್ನೂ ಅದರ ಸಂಖ್ಯೆಗೆ ತಕ್ಕ ದೂರದಲ್ಲಿಡುವ ಸ್ಕ್ಯಾಟರ್ ಆರಿಸಿ, ಅದರಲ್ಲೇ ಗೆರೆ ಸೇರಿಸುವ ಬಗೆಯೂ ಇದೆ. ಲೈನ್ ಚಾರ್ಟ್‌ಗೂ ತಾರೀಖಿನ ಅಕ್ಷ ಕೊಡಬಹುದು, ಆದರೆ ಅದರ ಅತಿ ಚಿಕ್ಕ ಅಳತೆ ಒಂದು ದಿನ. ಒಂದೇ ದಿನ ಬೆಳಿಗ್ಗೆ ಸಂಜೆ ಎರಡು ಸಲ ಅಳೆದಿದ್ದರೆ ಎರಡೂ ಒಂದರ ಮೇಲೊಂದು ನಿಲ್ಲುತ್ತವೆ. ಆರ್ ಬಳಸುವವರು ಟಿಎಸ್ ಎಂಬ ಕಾಲಸರಣಿಯ ನಮೂನೆಗೆ ಇಂಥ ಡೇಟಾ ತುಂಬಲೇಬೇಡಿ. ಅದು ಆರಂಭದ ಸಮಯ ಮತ್ತು ಆವರ್ತನ (ಎಷ್ಟು ಸಮಯಕ್ಕೊಂದು ಅಳತೆ ಅನ್ನುವುದು) ಮಾತ್ರ ನೆನಪಿಟ್ಟುಕೊಂಡು, ಉಳಿದದ್ದೆಲ್ಲ ಸಮ ಅಂತರದಲ್ಲಿದೆ ಅಂತಲೇ ನಂಬುತ್ತದೆ. ಝೂ ಅಥವಾ ಎಕ್ಸ್‌ಟಿಎಸ್ ಪ್ಯಾಕೇಜ್ ಪ್ರತಿ ಅಳತೆಯ ಜೊತೆಗೂ ಅದರ ತಾರೀಖನ್ನು ಇಟ್ಟುಕೊಳ್ಳುತ್ತದೆ. ಬರೀ ಚಿತ್ರ ಸಾಕು ಅಂದರೆ ಅದೂ ಬೇಡ, ತಾರೀಖಿನ ಕಾಲಮ್ ಇರುವ ಸಾಮಾನ್ಯ ಟೇಬಲ್ ಸಾಕು.

ಚುಕ್ಕೆ ಯಾವಾಗಲೂ ತೋರಿಸಿ. ಗೆರೆ ಮಾತ್ರ ಇದ್ದರೆ ಓದುವವರಿಗೆ ಎಲ್ಲಿ ಅಳೆದಿದ್ದೀರಿ, ಎಲ್ಲಿ ಇಲ್ಲ ಅನ್ನುವುದೇ ಗೊತ್ತಾಗುವುದಿಲ್ಲ. ಆ 97 ದಿನಗಳ ಮೇಲೆ ನೇರ ಗೆರೆ ಎಳೆದರೆ ತೂಕ ದಿನದಿನವೂ ಹದವಾಗಿ ಇಳಿಯಿತು ಅಂತ ಹೇಳಿದ ಹಾಗೆ. ಅದು ನಮಗೆ ಗೊತ್ತೇ? ಮಧ್ಯೆ ಏರಿ ಇಳಿದಿರಲೂಬಹುದು. ನಾನಾದರೆ ಅಂಥ ಉದ್ದ ಅಂತರದಲ್ಲಿ ಗೆರೆ ಮುರಿಯುತ್ತೇನೆ: ನಡುವಿನ ಯಾವುದಾದರೂ ತಾರೀಖಿಗೆ, ತೂಕದ ಜಾಗ ಖಾಲಿ ಬಿಟ್ಟ ಒಂದು ಸಾಲು ಸೇರಿಸಿದರೆ ಆರ್ ಮತ್ತು ಪೈಥಾನ್ ಅಲ್ಲಿ ಗೆರೆ ಎಳೆಯುವುದಿಲ್ಲ. ಸ್ಟೇಟಾದಲ್ಲಿ ಇದಕ್ಕೆ ಸಿಮಿಸ್ಸಿಂಗ್ ಎಂಬ ಆಯ್ಕೆ ಕೊಡಬೇಕು. ಎಷ್ಟು ದಿನ ದಾಟಿದರೆ ಮುರಿಯಬೇಕು ಅನ್ನುವುದು ನಿಮ್ಮ ವಿಷಯದ ಮೇಲೆ ನಿಂತಿದೆ. ಬಡ್ಡಿ ದರದಂಥದ್ದು ಬದಲಾಗುವವರೆಗೂ ಹಾಗೇ ಇರುತ್ತದೆ, ಅದಕ್ಕೆ ಓರೆ ಗೆರೆಯೂ ಬೇಡ, ಮುರಿಯುವುದೂ ಬೇಡ, ಮೆಟ್ಟಿಲಿನಂಥ ಸ್ಟೆಪ್ ಗ್ರಾಫ್ ಹಾಕಿ.

ಮೀಟರ್ ರೀಡಿಂಗ್ ಥರ ಕೂಡುತ್ತಾ ಹೋಗುವ ಅಂಕಿಗಳಾದರೆ ಎರಡು ರೀಡಿಂಗ್‌ಗಳ ವ್ಯತ್ಯಾಸವನ್ನು ನಡುವಿನ ದಿನಗಳಿಂದ ಭಾಗಿಸಿಯೇ ಗ್ರಾಫ್ ಹಾಕಿ. 20 ದಿನದ ಬಳಕೆಯನ್ನೂ 45 ದಿನದ ಬಳಕೆಯನ್ನೂ ಅಕ್ಕಪಕ್ಕ ಇಟ್ಟರೆ ಎರಡನೆಯದು ಜಾಸ್ತಿ ಅಂತ ಕಾಣದೆ ಇನ್ನೇನು!

ಚಲಿಸುವ ಸರಾಸರಿ, ಅಂದರೆ ಪ್ರತಿ ಹಂತದಲ್ಲೂ ಅದರ ಹಿಂದಿನ ಕೆಲವು ಅಳತೆಗಳನ್ನೂ ಸೇರಿಸಿದ ಸರಾಸರಿ, ತೆಗೆಯುವವರು ಇದೊಂದನ್ನು ನೋಡಿಕೊಳ್ಳಿ. ಪಾಂಡಾಸ್‌ನ ರೋಲಿಂಗ್‌ಗೆ 7 ಅಂತ ಕೊಟ್ಟರೆ 7 ಸಾಲುಗಳ ಸರಾಸರಿ ಬರುತ್ತದೆ, ಆ 7 ಸಾಲು ಒಂದು ವಾರದ್ದೂ ಆಗಬಹುದು, ಅರ್ಧ ವರ್ಷದ್ದೂ ಆಗಬಹುದು. ತಾರೀಖನ್ನು ಇಂಡೆಕ್ಸ್ (ಸಾಲುಗಳನ್ನು ಗುರುತಿಸುವ ಕಾಲಮ್) ಮಾಡಿಕೊಂಡು, ಉದ್ಧರಣ ಚಿಹ್ನೆಯೊಳಗೆ 7ರ ಪಕ್ಕ ದೊಡ್ಡ ಡಿ ಅಕ್ಷರ ಸೇರಿಸಿ ಕೊಟ್ಟರೆ ಆಗ ಅದು 7 ದಿನ.