ತಮ್ಮನಿಗೆ ಕಾಂಡಕೋಶ ಕೊಟ್ಟ ಐದು ದಿನ

ಕೀಮೋಗೆ ತಗ್ಗಿದ್ದ ತಮ್ಮನ ರಕ್ತದ ಕ್ಯಾನ್ಸರ್ 13 ತಿಂಗಳಿಗೆ ಮರುಕಳಿಸಿತು. ಬೆಂಗಳೂರಿನ ವೈದ್ಯರು ಬಿಡಿಸಿ ಹೇಳಿದರು: ಕೀಮೋ ಇನ್ನೊಮ್ಮೆ ಅಡಗಿಸಬಹುದು, ಆದರೆ ಮತ್ತೆ ತಲೆ ಎತ್ತದಂತೆ ತಡೆಯಲು ದಾನಿಯ ಕಾಂಡಕೋಶ, ಅಂದರೆ ರಕ್ತಕಣಗಳನ್ನು ಹುಟ್ಟಿಸುವ ಮೂಲ ಕಣ ಬೇಕು, ಅದರಿಂದ ಹುಟ್ಟುವ ಬಿಳಿ ರಕ್ತಕಣಗಳು ಅಳಿದುಳಿದ ಕ್ಯಾನ್ಸರ್ ಕಣಗಳ ಮೇಲೆ ಬೀಳುತ್ತವೆ. ತನ್ನದು, ಪರರದು ಎಂದು ಮೈ ಗುರುತಿಸುವುದು ಕಣಗಳ ಮೇಲಿನ ಎಚ್‌ಎಲ್‌ಎ ಎಂಬ ಗುರುತುಗಳಿಂದ; ಒಬ್ಬ ಒಡಹುಟ್ಟಿದವರ ಎಚ್‌ಎಲ್‌ಎ ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ಅಕ್ಕ, ಅಣ್ಣ, ನಾನು ಮೂವರೂ ರಕ್ತ ಕೊಟ್ಟೆವು. ನನ್ನದು ಹೊಂದಿತು.

ಕಲಬುರಗಿಯ ಮನೆಯಲ್ಲಿ ಅತ್ತೆ ಅಳತೊಡಗಿದರು. "ಎಲುಬಿನೊಳಗಿನದನ್ನು ತೆಗೆದರೆ ನಡು ಬೀಳುತ್ತದೆ. ಎರಡು ಸಣ್ಣ ಮಕ್ಕಳಿವೆ ನಿನಗೆ." ಅವರ ಅಂಜಿಕೆಯನ್ನು ನಾನು ತಪ್ಪೆನ್ನಲಾರೆ. ನನಗೂ ಆಗ ಏನೂ ತಿಳಿದಿರಲಿಲ್ಲ.

ನನ್ನ ಎಲುಬಿಗೆ ಯಾರೂ ಸೂಜಿ ಹಾಕಲಿಲ್ಲ. ಐದು ದಿನ ಚರ್ಮದಡಿ ಚುಚ್ಚುಮದ್ದು ಕೊಟ್ಟರು, ದಿನಕ್ಕೆ ನನ್ನ ತೂಕದ ಕೆಜಿಗೆ 10 ಮೈಕ್ರೋಗ್ರಾಂ ಲೆಕ್ಕದಲ್ಲಿ. ಮಜ್ಜೆಯಲ್ಲಿರುವ ಕಾಂಡಕೋಶಗಳನ್ನು ಅದು ರಕ್ತಕ್ಕೆ ಇಳಿಸುತ್ತದೆ. ಮೂರನೆಯ ದಿನದಿಂದ ಟೊಂಕ, ಬೆನ್ನು, ಎದೆಯ ಮೂಳೆ ಒಳಗಿನಿಂದ ಮಿಡಿದವು. ಹೆರಿಗೆ ಕಂಡವಳಿಗೆ ದೊಡ್ಡ ನೋವಲ್ಲ, ಆದರೆ ನಿದ್ದೆ ಹತ್ತಲಿಲ್ಲ. ಪ್ಯಾರಾಸಿಟಮಾಲ್ ನುಂಗಿ ಹೊರಳಾಡಿದೆ.

ಐದನೆಯ ದಿನ ಎರಡೂ ತೋಳಿಗೆ ಸೂಜಿ. ಒಂದರಿಂದ ರಕ್ತ ಯಂತ್ರಕ್ಕೆ ಹೋಗುತ್ತದೆ, ಕಾಂಡಕೋಶ ಅಲ್ಲಿ ಉಳಿಯುತ್ತದೆ, ಮಿಕ್ಕಿದ್ದು ಇನ್ನೊಂದು ತೋಳಿಗೆ ಮರಳುತ್ತದೆ. ಐದು ತಾಸು ತೋಳು ಮಡಚುವಂತಿಲ್ಲ. ಮೂಗು ತುರಿಸಿದರೂ ಸಿಸ್ಟರನ್ನು ಕರೆಯಬೇಕು. "ತುಟಿ ಜುಮುಜುಮು ಅನ್ನುತ್ತದೆಯೇ ಅಕ್ಕಾ?" ಎಂದು ಅವರು ಮತ್ತೆ ಮತ್ತೆ ಕೇಳುತ್ತಿದ್ದರು. ಮೂರನೆಯ ತಾಸಿಗೆ ಇರುವೆ ಹರಿದಂತಾಯಿತು. ರಕ್ತ ಹೆಪ್ಪುಗಟ್ಟದಿರಲು ಯಂತ್ರದಲ್ಲಿ ಸೇರಿಸುವ ಸಿಟ್ರೇಟ್ ಮೈಯ ಕ್ಯಾಲ್ಸಿಯಂ ತಗ್ಗಿಸುತ್ತದೆಯಂತೆ. ಕ್ಯಾಲ್ಸಿಯಂ ಕೊಟ್ಟ ಮೇಲೆ ಸರಿಹೋಯಿತು. ದಾನಿಗಳಾಗುವವರು ಇದನ್ನು ಸಹಿಸಿಕೊಂಡು ಸುಮ್ಮನಿರಬಾರದು, ತುಟಿ ಜುಮ್ಮೆಂದ ತಕ್ಷಣ ಹೇಳಬೇಕು.

ಕೊನೆಗೆ ಸಿಕ್ಕಿದ್ದು ಅಂಗೈಯಗಲದ ಒಂದು ಚೀಲ, ಟೊಮೆಟೊ ಸಾರಿನ ಬಣ್ಣ. ಅದೇ ಸಂಜೆ ತಮ್ಮನಿಗೆ ರಕ್ತ ಏರಿಸುವಂತೆಯೇ ಏರಿಸಿದರು. ಆಪರೇಷನ್ ಇಲ್ಲ, ಹೊಲಿಗೆ ಇಲ್ಲ. ಅವ್ವ ಗಾಜಿನ ಈಚೆ ನಿಂತು ಹನಿ ಬೀಳುವುದನ್ನೇ ನೋಡುತ್ತಿದ್ದಳು. 17ನೆಯ ದಿನ ಅವನ ನ್ಯೂಟ್ರೋಫಿಲ್, ಅಂದರೆ ಸೋಂಕನ್ನು ತಡೆಯುವ ಬಿಳಿ ರಕ್ತಕಣ, 500 ದಾಟಿತು; ನನ್ನ ಕಾಂಡಕೋಶ ಅವನಲ್ಲಿ ಬೇರೂರುತ್ತಿದೆ ಎಂಬುದಕ್ಕೆ ಅದೇ ಗುರುತು. ನಾನು ಅಷ್ಟರಲ್ಲಿ ಊರಿಗೆ ಬಂದು ರೊಟ್ಟಿ ಬಡಿಯುತ್ತಿದ್ದೆ.

ಎರಡನೇ ತಿಂಗಳು ಅವನ ಅಂಗೈ, ಎದೆಯ ಮೇಲೆ ಕೆಂಪು ಗಂಧೆ ಎದ್ದವು. ನನ್ನ ಕಣಗಳೇ ಅವನ ಚರ್ಮವನ್ನು ಪರಕೀಯವೆಂದು ಕಚ್ಚುತ್ತಿದ್ದವು. ಅದನ್ನು ಕೇಳಿ ನಾನು ಅತ್ತಷ್ಟು ಸೂಜಿ ಚುಚ್ಚಿದಾಗಲೂ ಅತ್ತಿರಲಿಲ್ಲ. ಸ್ಟಿರಾಯ್ಡ್‌ಗೆ ಅದು ಬಗ್ಗಿತು.

ಈಗ ಏಳು ತಿಂಗಳು. ಅವನ ರಕ್ತದ ಗುಂಪು ಓ ಹೋಗಿ ನನ್ನ ಬಿ ಆಗಿದೆ. ಬಿಸಿಲು ಬಿದ್ದರೆ ಗಂಧೆ ಮರಳಬಹುದೆಂದು, ಕಲಬುರಗಿಯ ಈ ಬಿಸಿಲಿಗೆ ಅವನು ಬೆಳಿಗ್ಗೆ ಏಳರೊಳಗೆ ತುಂಬುತೋಳಿನ ಅಂಗಿ, ಮಾಸ್ಕ್ ಹಾಕಿಕೊಂಡು ಓಣಿಯ ತುದಿಯವರೆಗೆ ನಡೆದು ಬರುತ್ತಾನೆ. ಅತ್ತೆ ಅವನಿಗೆಂದು ಕುದಿಸಿ ಆರಿಸಿದ ನೀರನ್ನು ಬೇರೆ ಕೊಡದಲ್ಲಿ ಮುಚ್ಚಿಡುತ್ತಾರೆ.